ರಕ್ತ ಕಡಿಮೆ

ಆಗಸ್ಟ್ 21, 2025, ಗುರುವಾರ

ಮಳೆ ಬಿಟ್ಟಿಲ್ಲ. ಅತ್ತೆ ಬೇಗ ಮಲಗಿದರು. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಎದುರಿಗಿದೆ, ಬಿಚ್ಚಲು ಮನಸ್ಸಾಗುತ್ತಿಲ್ಲ.

ಎರಡನೇ ಪೀರಿಯಡ್‌ನಲ್ಲಿ ಕಿಟಕಿ ಪಕ್ಕದ ಹುಡುಗಿ ಉತ್ತರ ಹೇಳಲು ಎದ್ದವಳು ಹಾಗೆಯೇ ಕುಸಿದಳು. ಪಾಠದ ನಡುವೆ ತೂಕಡಿಸುತ್ತಾಳೆ ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅವಳೇ. ಹಿಂದಿ ಮೇಡಂ ಮುಖಕ್ಕೆ ನೀರು ಚಿಮುಕಿಸಿದರು. ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಪರೀಕ್ಷೆಗೆ ರಕ್ತ ಕೊಟ್ಟು ಬೆಂಚಿನ ಮೇಲೆ ಕಾಯುತ್ತಿದ್ದಾಗ ಕೇಳಿದೆ.

"ಬೆಳಿಗ್ಗೆ ಏನು ತಿಂದೆ?"

"ಚಹಾ ಕುಡಿದೆ ಮೇಡಂ. ಆರೂವರೆಗೆ ಬಸ್ಸು. ಅಷ್ಟರೊಳಗೆ ರೊಟ್ಟಿ ಆಗುವುದಿಲ್ಲ."

"ಮಧ್ಯಾಹ್ನ?"

"ಮನೆಗೆ ಹೋದ ಮೇಲೆ ಉಣ್ಣುತ್ತೇನೆ."

ಅವಳು ಮನೆ ಸೇರುವುದು ನಾಲ್ಕು ಗಂಟೆಗೆ. ಬಸ್ಸಿಗೆ ದುಡ್ಡು ಬೇಡವೆಂದಾದ ಮೇಲೆಯೇ ಅಪ್ಪ ಡಿಗ್ರಿಗೆ ಕಳಿಸಲು ಒಪ್ಪಿದರಂತೆ. ಆ ಬಸ್ಸು ಹಿಡಿಯಲು ಹೊಟ್ಟೆ ಖಾಲಿ ಇಟ್ಟುಕೊಂಡು ಓಡಿ ಬರುತ್ತಾಳೆ.

ಹಿಮೋಗ್ಲೋಬಿನ್ 8.4. ಹನ್ನೆರಡಾದರೂ ಇರಬೇಕಿತ್ತು. ಡಾಕ್ಟರಮ್ಮ ಮುಟ್ಟಿನ ಬಗ್ಗೆ ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಎಂಟು ದಿನ, ಕೆಲವು ತಿಂಗಳು ಒಂಬತ್ತು ದಿನ. ಮನೆಯಲ್ಲಿ ಹೇಳಿಲ್ಲವೇ ಎಂದರೆ, "ಎಲ್ಲರಿಗೂ ಹಾಗೆಯೇ ಅಲ್ಲವೇ ಮೇಡಂ?" ಎಂದಳು. ಕೇಳಿದ ರೀತಿ ಎಷ್ಟು ಸಹಜವಾಗಿತ್ತೆಂದರೆ ನನಗೆ ಗಂಟಲು ಕಟ್ಟಿತು.

ದಿನಕ್ಕೆ ಎರಡು ಕಬ್ಬಿಣದ ಮಾತ್ರೆ, ಮೂರು ತಿಂಗಳು. ಜೊತೆಗೆ ನಿಂಬೆಹುಳಿ ಇರಲಿ, ಉಂಡ ಕೂಡಲೇ ಚಹಾ ಬೇಡ, ಮಲ ಕಪ್ಪಾದರೆ ಹೆದರಿ ಬಿಡಬೇಡ ಎಂದು ಸಿಸ್ಟರ್ ಎರಡೆರಡು ಬಾರಿ ಹೇಳಿದರು. ಒಳ್ಳೆಯ ಹೆಂಗಸು. ಹೊರಗೆ ಬಂದ ಮೇಲೆ ಹುಡುಗಿ ಮೆಲ್ಲಗೆ, "ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರು ಮೇಡಂ. ಬಿಸಿಯೂಟವಾದ ಮೇಲೆ ಟೀಚರ್ ಎದುರಿಗೇ ನುಂಗಿಸುತ್ತಿದ್ದರು" ಎಂದಳು.

ಬಿಸಿಯೂಟ ಹತ್ತನೇ ತರಗತಿಗೇ ನಿಲ್ಲುತ್ತದೆ. ಕಬ್ಬಿಣದ ಆ ನೀಲಿ ಮಾತ್ರೆ ಇರುವುದು ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ. ಇವಳಿಗೀಗ ಹತ್ತೊಂಬತ್ತು. ಪ್ರವೇಶದ ಕಡತದಲ್ಲಿ ಇವಳ ಜಾತಿ, ಆದಾಯ, ಅಂಕಪಟ್ಟಿ ಎಲ್ಲವೂ ಇವೆ. ಉಂಡೆಯಾ ಎಂದು ಕೇಳುವವರು ನಮ್ಮಲ್ಲಿ ಒಬ್ಬರೂ ಇಲ್ಲ. ನಾನೂ ಕೇಳಿರಲಿಲ್ಲ. ತೂಕಡಿಸಿದಾಗ ಎಬ್ಬಿಸಿ ನಿಲ್ಲಿಸಿದ್ದೆ.

ಅತ್ತೆ ಕೆಮ್ಮಿದರು. ಎದ್ದು ಬಿಸಿನೀರು ಕೊಟ್ಟು ಬಂದೆ.

ಈಗ ಇನ್ನೊಂದು ನೆನಪಾಗಿ ಕುಳಿತಲ್ಲಿ ಕುಳಿತಿರಲು ಆಗುತ್ತಿಲ್ಲ. ಫೆಬ್ರವರಿಯಲ್ಲಿ ಎನ್‌ಎಸ್‌ಎಸ್‌ನವರು ರಕ್ತದಾನ ಶಿಬಿರ ಮಾಡಿದ್ದರು. ಎಷ್ಟು ಉತ್ಸಾಹದಿಂದ ಹುಡುಗಿಯರು ಸಾಲಿನಲ್ಲಿ ನಿಂತಿದ್ದರು! ದಾನ ಮಾಡಲು ಹಿಮೋಗ್ಲೋಬಿನ್ 12.5 ಇರಬೇಕು. ಬೆರಳು ಚುಚ್ಚಿ ನೋಡಿ, "ರಕ್ತ ಕಡಿಮೆ, ಹೋಗಮ್ಮ" ಎಂದು ಒಬ್ಬೊಬ್ಬರನ್ನೇ ವಾಪಸು ಕಳಿಸಿದರು. ಅವರು ನಗುತ್ತ ತರಗತಿಗೆ ಬಂದರು, ನಾನು ಹಾಜರಿ ಕೂಗಿದೆ. ಕಡಿಮೆ ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಇವಳೂ ಆ ಸಾಲಿನಲ್ಲಿದ್ದಳೇ?

ಆ ದಿನದ ರಿಜಿಸ್ಟರ್ ಎನ್‌ಎಸ್‌ಎಸ್ ಕಪಾಟಿನಲ್ಲಿಯೇ ಇರಬೇಕು. ನಾಳೆ ಮೊದಲ ಪೀರಿಯಡ್‌ಗೆ ಮುಂಚೆ ಬೀಗದ ಕೈ ತೆಗೆದುಕೊಂಡು, ವಾಪಸಾದವರ ಹೆಸರುಗಳನ್ನೆಲ್ಲ ಬರೆದುಕೊಂಡರೆ...