ಹಡಗಿನ ಟೇಪ್, ಮನೆಯ ಟೇಪ್ ಮತ್ತು 72 ಸೆಕೆಂಡ್

ಸ್ಪೂಲ್ ಡೆಕ್, ಅಂದರೆ ಎರಡು ದೊಡ್ಡ ಚಕ್ರಗಳ ಮೇಲೆ ಟೇಪ್ ಓಡಿಸುವ ಹಳೇ ಟೇಪ್ ರೆಕಾರ್ಡರ್, ಕೊನೆಗೂ ಸರಿಯಾದ ಸ್ಪೀಡಿನಲ್ಲಿ ಓಡುತ್ತಿದೆ. ಓಡಿದ್ದೇ ಈಗ ಹೊಸ ತಲೆನೋವು. ಮೊದಲಿಂದ ಹೇಳ್ತೀನಿ.

ಡೆಕ್ ಸಿಕ್ಕಿದ್ದು ಮುಂಬೈಯ ಮುಲುಂಡ್‌ನಲ್ಲಿ. ಕಾರವಾರದ ಕಡೆಯ ಹಿರಿಯರೊಬ್ಬರು, ಮರ್ಚೆಂಟ್ ನೇವಿಯಲ್ಲಿ ಇದ್ದು ರಿಟೈರ್ ಆದವರು, ನಾನು ಮಾಮ ಅಂತ ಕರೀತೀನಿ. 1974ರಲ್ಲಿ ಜಪಾನಿನ ಕೋಬೆ ಬಂದರಿನಲ್ಲಿ ಕೊಂಡಿದ್ದಂತೆ. ಟೇಪನ್ನು ಓದುವ, ಬರೆಯುವ, ಅಳಿಸುವ ಮೂರು ಹೆಡ್, ಒಂದೇ ಮೋಟರ್, 7 ಇಂಚಿನ ಸ್ಪೂಲ್. ಜೊತೆಗೆ 11 ಟೇಪ್. ದುಡ್ಡು ಬೇಡ ಅಂದರು. "ಓಡಿಸಿ ಒಂದು ಸಲ ಕೇಳಿಸು ತಮಾ, ಸಾಕು. ಹಡಗಿನಲ್ಲಿ ಎಷ್ಟು ಚೆನ್ನಾಗಿ ಕೇಳ್ತಿತ್ತು! ಮನೆಗೆ ತಂದ ಮೇಲೆ ಆ ಟೇಪೆಲ್ಲ ಹಾಳಾಯ್ತು ನೋಡು." ಉಪ್ಪುಗಾಳಿಗೆ ಹಾಗಾಗಿರಬೇಕು ಅಂದುಕೊಂಡು ನಾನು ತಲೆ ಆಡಿಸಿದೆ. ಆ ಮಾತನ್ನು ಆಗಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

14 ಕಿಲೋದ ಪೆಟ್ಟಿಗೆಯನ್ನು ಸ್ಲೋ ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಡೊಂಬಿವಿಲಿಯ ನಮ್ಮ ಮನೆಗೆ ತಂದೆ. ಮೀನಿನ ಬುಟ್ಟಿ ಒಂದು ಕಡೆ, ಇದು ಒಂದು ಕಡೆ. ದಿವಾ ಸ್ಟೇಷನ್ ಬರುವ ಹೊತ್ತಿಗೆ ಒಬ್ಬಾಕೆ ಕುತೂಹಲದಿಂದ ನೋಡಿ, ಇದು ಹಳೇ ಕಾಲದ ಮಿಕ್ಸಿನಾ ಅಂತ ಕೇಳಿದಳು.

ನೇರವಾಗಿ ಪ್ಲಗ್ಗಿಗೆ ಹಾಕಲಿಲ್ಲ. ಹಳೇ ರೇಡಿಯೋ ರಿಪೇರಿಯವರು ಮಾಡುವ ಹಾಗೆ 100 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟು ಆನ್ ಮಾಡಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಡೆಕ್ ಉಳಿಯುತ್ತದೆ. ಬಲ್ಬ್ ಒಮ್ಮೆ ಮಿನುಗಿ ಮಂಕಾಯಿತು. ಒಳ್ಳೆಯ ಲಕ್ಷಣ. ಮೋಟರ್ ತಿರುಗಿತು, ಸ್ಪೂಲ್ ಮಾತ್ರ ಅಲುಗಲಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿದರೆ ಬೆಲ್ಟ್ ಇದ್ದ ಜಾಗದಲ್ಲಿ ಡಾಂಬರು. ಹಳೇ ರಬ್ಬರ್ ಹೀಗೆ ಕರಗುತ್ತೆ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ. ಬೆರಳಿಗೆ ಹತ್ತಿದ್ದು ಮೂರು ದಿನ ಹೋಗಲಿಲ್ಲ, ಚಪಾತಿ ಹಿಟ್ಟು ಮುಟ್ಟಬೇಡಿ ಅಂತ ಮನೆಯವಳ ಕಟ್ಟಪ್ಪಣೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ ಬಾಟಲಿ ಖಾಲಿಯಾಯಿತು. ಲಿವರ್‌ಗಳ ಗ್ರೀಸ್ ಒಣಗಿ ಮೇಣದ ಹಾಗೆ ಆಗಿತ್ತು, ಪ್ಲೇ ಗುಬುಟು ತಿರುಗಿಸಲು ಕಟಿಂಗ್ ಪ್ಲೇಯರ್ ಬೇಕು ಅನ್ನುವಷ್ಟು. ಎಲ್ಲ ಕೆರೆದು ಹೊಸದು ಹಚ್ಚಿದೆ. ಈ ಹವ್ಯಾಸದಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ ಇರುತ್ತೆ ಅಂತ ಅಂದುಕೊಳ್ಳುವವರು ನಾಲ್ಕು ದಿನ ನನ್ನ ಜೊತೆ ಕೂತರೆ ಸಾಕು. ಮುಕ್ಕಾಲು ಪಾಲು ರಬ್ಬರು, ಗ್ರೀಸು, ಹತ್ತಿ. ಹೆಡ್ ಮಾತ್ರ ಚೆನ್ನಾಗಿದೆ. ಉಗುರಿನಲ್ಲಿ ಸವರಿದರೆ ಗೀರು ಸಿಗಲಿಲ್ಲ.

ಹೊಸ ಬೆಲ್ಟ್ ಹಾಕಿ ಮೊದಲ ಟೇಪ್ ಕೇಳಿದೆ. ಮಾಮನ ಮನೆಯ ಗಣಪತಿ ಭಜನೆ, ಹಾರ್ಮೋನಿಯಂ, ತಾಳ, ಹಿಂದೆ ಯಾರೋ ಕೆಮ್ಮುವುದು, ಎಲ್ಲ ಸ್ಪಷ್ಟ. ಖುಷಿಯಲ್ಲಿ ಎರಡನೆಯದು ಹಾಕಿದೆ. ಹಡಗಿನಲ್ಲಿ ಗೆಳೆಯನ ಹತ್ತಿರ ಕಾಪಿ ಮಾಡಿಕೊಂಡ ಹಿಂದಿ ಹಾಡುಗಳು. ಲತಾ ಮಂಗೇಶ್ಕರ್‌ಗೆ ನೆಗಡಿ ಆಗಿ ನಿದ್ದೆಗಣ್ಣಲ್ಲಿ ಹಾಡಿದ ಹಾಗಿತ್ತು.

ಒಂದು ಟೇಪ್ ಸರಿ, ಇನ್ನೊಂದು ನಿಧಾನ. ಹಾಗಾದರೆ ಟೇಪಿನದ್ದೇ ದೋಷ ಅಲ್ವಾ? ನಾನೂ ಹಾಗೇ ನಂಬಿದೆ. ಟೇಪ್ ಎಳೆದುಕೊಂಡಿದೆ ಅಂದುಕೊಂಡೆ, ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಗಾಲಿ, ಪಿಂಚ್ ರೋಲರ್, ಜಾರುತ್ತಿದೆ ಅಂದುಕೊಂಡು ಅದನ್ನು ಉಜ್ಜಿದೆ, ಟೇಪನ್ನು ಎಳೆಯುವ ಕಡ್ಡಿ ಕ್ಯಾಪ್‌ಸ್ಟನ್‌ನ ಬೇರಿಂಗಿಗೆ ಎಣ್ಣೆ ಬಿಟ್ಟೆ, ಒಂದು ವಾರ ಡೆಕ್ ಮುಟ್ಟದೆ ಸಿಟ್ಟಿನಲ್ಲಿ ಕೂತೆ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಈ ಟೇಪುಗಳು ಓಡಬೇಕಾದ ಮೂರೂಮುಕ್ಕಾಲು ಇಂಚಿನ ಸ್ಪೀಡ್ ಅಂದರೆ ಸೆಕೆಂಡಿಗೆ 9.525 ಸೆಂಟಿಮೀಟರ್. ನಿಮಿಷಕ್ಕೆ 5.715 ಮೀಟರ್. ಒಂದು ಬೇಡದ ಟೇಪನ್ನು ಅಷ್ಟು ಉದ್ದಕ್ಕೆ ಅಳೆದು ಎರಡೂ ತುದಿಗೆ ಗುರುತು ಹಾಕಬೇಕು, ಗುರುತಿನಿಂದ ಗುರುತಿಗೆ ಎಷ್ಟು ಹೊತ್ತು ಅಂತ ನೋಡಬೇಕು. ಅಷ್ಟೇ. ಆದರೆ ಡೊಂಬಿವಿಲಿಯ ಒಂದು ಬೆಡ್‌ರೂಮ್ ಮನೆಯಲ್ಲಿ ಐದೂಮುಕ್ಕಾಲು ಮೀಟರ್ ನೇರ ಜಾಗ ಎಲ್ಲಿದೆ? ಹಾಲ್ ಕಿಟಕಿಯಿಂದ ಅಡುಗೆಮನೆಯ ಸಿಂಕ್ ತನಕ ಹಾಸಿದೆ. "ಮನೆ ಮಾರ್ತೀರೇನ್ರೀ, ಅಳತೆ ತಗೊಳ್ತಿದ್ದೀರಿ?" ಅಂತ ಒಳಗಿಂದ ಬಂತು.

72 ಸೆಕೆಂಡ್. ಮತ್ತೆರಡು ಸಲ ನೋಡಿದೆ. 72.

ರೋಲರ್ ಜಾರಿದರೆ ಒಂದು ಸಲ 63, ಇನ್ನೊಂದು ಸಲ 66 ಅಂತ ಏನೇನೋ ಬರುತ್ತೆ. ಮೂರು ಸಲವೂ 72 ಬಂದರೆ ಅದು ಸವೆತ ಅಲ್ಲ, ಲೆಕ್ಕ. 60ಕ್ಕೆ 72, ಅಂದರೆ 50ಕ್ಕೆ 60. ಕರೆಂಟಿನ ಸೈಕಲ್! ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡುತ್ತೆ ಅನ್ನುವ ಲೆಕ್ಕ, ಹರ್ಟ್ಜ್. ಜಪಾನಿನ ಪೂರ್ವ ಭಾಗದಲ್ಲಿ 50 ಸೈಕಲ್, ಪಶ್ಚಿಮ ಭಾಗದಲ್ಲಿ 60. ಕೋಬೆ ಪಶ್ಚಿಮದಲ್ಲಿದೆ. ಹಡಗುಗಳಲ್ಲೂ ಹೆಚ್ಚಾಗಿ 60. ಆ ಕಾಲದ ಡೆಕ್‌ಗಳ ಎಸಿ ಮೋಟರ್‌ಗಳು ಕರೆಂಟಿನ ಸೈಕಲ್ ಹಿಡಿದು ತಿರುಗುತ್ತವೆ, ನಮ್ಮ 50ರಲ್ಲಿ ಅಷ್ಟು ನಿಧಾನ. ಮಾಮ ಮನೆಗೆ ತಂದಾಗ ಹಿಂದಿನ ವೋಲ್ಟೇಜ್ ಸ್ವಿಚ್ಚನ್ನು 220ಕ್ಕೆ ತಿರುಗಿಸಿದ್ದರು. ಒಳಗೆ ಪುಲಿಯನ್ನೂ, ಅಂದರೆ ಮೋಟರಿನ ಮೇಲೆ ಬೆಲ್ಟ್ ಸುತ್ತುವ ಗಾಲಿಯನ್ನೂ, ಬದಲಿಸಬೇಕು ಅಂತ ಅವರಿಗೆ ಯಾರು ಹೇಳಬೇಕಿತ್ತು? 1967ರಲ್ಲಿ ಬಂದ ರೆವಾಕ್ಸ್ ಎ77 ಡೆಕ್‌ನಲ್ಲಿ ಸ್ಪೀಡನ್ನು ಎಲೆಕ್ಟ್ರಾನಿಕ್ ಆಗಿ ಹಿಡಿದಿಡುವುದರಿಂದ ಈ ರಗಳೆ ಇಲ್ಲ, ಆದರೆ ಅದರ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ.

ಪುಲಿ 12 ಮಿಲಿಮೀಟರ್ ಇತ್ತು. 1.2ರಿಂದ ಗುಣಿಸಿ 14.4 ಅಂತ ಚೀಟಿ ಬರೆದು ಎಂಐಡಿಸಿ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗೆ ಕೊಟ್ಟೆ. ಹಿತ್ತಾಳೆಯಲ್ಲಿ ಚಂದ ಮಾಡಿಕೊಟ್ಟರು. ಹಾಕಿ ನೋಡಿದರೆ 60.8. ತಪ್ಪು ನನ್ನದೇ. ಬೆಲ್ಟಿನ ದಪ್ಪ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಲ್ಟ್ 1 ಮಿಲಿ ದಪ್ಪ, ಅದು ಎಳೆಯುವುದು ತನ್ನ ದಪ್ಪದ ನಡುವಿನಿಂದ, ಹಾಗಾಗಿ ಪುಲಿಯನ್ನು 13 ಅಂತ ಎಣಿಸಬೇಕು. 13ರ 1.2 ಪಾಲು 15.6, ಅದರಲ್ಲಿ ಬೆಲ್ಟಿನ 1 ಕಳೆದರೆ 14.6. ಮತ್ತೆ ಹೋದೆ. ಪಾಯಿಂಟ್ ಎರಡು ಮಿಲಿಗೋಸ್ಕರ ಎರಡನೇ ಪುಲಿನಾ ಅಂತ ಲೇತ್‌ನವರು ಮರಾಠಿಯಲ್ಲಿ ಏನೋ ಅಂದು ನಕ್ಕರು, ಮಾಡಿಕೊಟ್ಟರು. ಮೋಟರಿನ ಕೆಪಾಸಿಟರ್ ಕೂಡ 50 ಸೈಕಲ್‌ಗೆ ಸ್ವಲ್ಪ ದೊಡ್ಡದು ಬೇಕು. ಅದು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕಿತು.

ಈಗ 60.0. ಬೆರಳಿನಲ್ಲಿ ಒತ್ತುವ ಸ್ಟಾಪ್‌ವಾಚ್‌ನಲ್ಲಿ ಇದಕ್ಕಿಂತ ಹೆಚ್ಚು ನಂಬುವ ಹಾಗಿಲ್ಲ.

ಹಡಗಿನ ಟೇಪ್ ಹಾಕಿದೆ. ಲತಾ ನೆಗಡಿ ಬಿಟ್ಟು ಎದ್ದು ಕೂತರು. ಅಡುಗೆಮನೆಯಿಂದ ಮನೆಯವಳು ಸೌಟು ಹಿಡಿದೇ ಬಂದು ಹಾಡು ಮುಗಿಯುವ ತನಕ ನಿಂತಿದ್ದಳು, ಏನೂ ಹೇಳಲಿಲ್ಲ.

ಆಮೇಲೆ ಗಣಪತಿ ಭಜನೆ. ಮಾಮನ ಮನೆಮಂದಿಯೆಲ್ಲ ಇಲಿಮರಿಗಳಾಗಿದ್ದರು. ಕೆಮ್ಮಿದವರ ಕೆಮ್ಮು ಕೂಡ ಚಿಂವ್ ಅಂದಿತು. ನಗು ಬಂತು, ಮರುಕ್ಷಣ ಹೊಟ್ಟೆಯಲ್ಲಿ ಕಸಿವಿಸಿ. ಯಾಕೆ ಅಂದರೆ ಅದನ್ನು ರೆಕಾರ್ಡ್ ಮಾಡಿದ್ದೂ ಇದೇ ಡೆಕ್, ಮುಲುಂಡಿನಲ್ಲಿ, 50 ಸೈಕಲ್‌ನಲ್ಲಿ, ತಪ್ಪು ಪುಲಿಯಲ್ಲಿ. ತಪ್ಪು ಸ್ಪೀಡಿನಲ್ಲಿ ಹಿಡಿದದ್ದು ಅದೇ ತಪ್ಪು ಸ್ಪೀಡಿನಲ್ಲಿ ಸರಿಯಾಗಿಯೇ ಕೇಳುತ್ತಿತ್ತು. ನಾನು ರಿಪೇರಿ ಮಾಡಿ ಕೆಡಿಸಿದೆ.

ಮಾಮನಿಗೆ ಫೋನ್ ಮಾಡಿ ನಿಮ್ಮ ಹಾರ್ಮೋನಿಯಂ ಯಾವ ಸ್ವರದಲ್ಲಿ ನುಡಿಸ್ತಿದ್ರಿ ಅಂತ ಕೇಳಿದೆ. "ಕರಿ ಒಂದು. ಅಣ್ಣನಿಗೆ ಅದರ ಮೇಲೆ ಹೋಗ್ತಿರಲಿಲ್ಲ." ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀ. ಹೊಸ ಪುಲಿಯಲ್ಲಿ ಸ್ವರ ಅಳೆಯುವ ಟ್ಯೂನರ್ ಹಿಡಿದು ನೋಡಿದರೆ ಬಿಳಿ ಮೂರರ, ಅಂದರೆ ಮೂರನೇ ಬಿಳಿ ಕೀ ಮೇಲೆ ಕೂತಿದೆ. ಕಪ್ಪು, ಬಿಳಿ ಎರಡನ್ನೂ ಎಣಿಸಿದರೆ ಮೂರು ಮನೆ ಮೇಲೆ. 1.2 ಪಟ್ಟು ವೇಗಕ್ಕೆ ಅಷ್ಟೇ ಏರಬೇಕು. ಲೆಕ್ಕ ಕೂತಿತು.

ಕಂಪ್ಯೂಟರಿಗೆ ಹಾಕಿಕೊಂಡು ಸ್ಪೀಡನ್ನು 0.833 ಪಟ್ಟಿಗೆ ಇಳಿಸಿದರೆ ಆಯ್ತಲ್ಲ ಅಂತ ಗೆಳೆಯನೊಬ್ಬ ಅಂದ. ಆಗುತ್ತೆ, ಕಾಪಿ ಇಡಲು ಹಾಗೇ ಮಾಡ್ತೀನಿ. ಆದರೆ ಸ್ಪೂಲ್ ತಿರುಗುವುದನ್ನು ನೋಡುತ್ತಾ ಕೇಳಬೇಕು ಅಂತ ತಾನೇ ಇಷ್ಟೆಲ್ಲ? ಹಳೇ ಪುಲಿಯನ್ನು ಬಿಸಾಡಿರಲಿಲ್ಲ, ಪುಣ್ಯ. 11 ಟೇಪನ್ನೂ ಎರಡೆರಡು ನಿಮಿಷ ಕೇಳಿ ಡಬ್ಬದ ಮೇಲೆ ಪೆನ್ಸಿಲ್‌ನಲ್ಲಿ ಬರೆದೆ. "ಹಡಗು" 4, "ಮನೆ" 5. ಒಂದಕ್ಕೆ ವಿನೆಗರ್ ವಾಸನೆ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತೆ, ಅಸಿಟೇಟ್ ಅನ್ನುವ ಹಳೇ ಪ್ಲಾಸ್ಟಿಕ್ಕಿನ ಟೇಪ್. ಅದನ್ನು ಮಿಕ್ಕ ಟೇಪುಗಳಿಂದ ದೂರ, ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ. ಇನ್ನೊಂದು ತಮಾಷೆಯದು. ಅರ್ಧ ಹಡಗು, ಮಿಕ್ಕ ಅರ್ಧ ಊರಿಗೆ ಬಂದ ಮೇಲೆ ತುಂಬಿದ ಮನೆ. ನಡುವೆ ಎಲ್ಲಿ ಬದಲಾಗುತ್ತೆ ಅಂತ ಕೌಂಟರ್ ನಂಬರ್ ಗುರುತು ಮಾಡಿಕೊಂಡೆ. 318.

ಬಲಗಡೆಯ ವಿಯು ಮೀಟರಿನ, ಅಂದರೆ ಧ್ವನಿಯ ಮಟ್ಟ ತೋರಿಸುವ ಮೀಟರಿನ, ಮುಳ್ಳು ಇನ್ನೂ ಏಳುತ್ತಿಲ್ಲ, ಸ್ವಲ್ಪ ಗುಂಯ್ ಅನ್ನುವ ಹಮ್ ಕೂಡ ಇದೆ. ಅದು ಮಳೆಗಾಲ ಮುಗಿದ ಮೇಲೆ.

ಭಾನುವಾರ ಮಾಮ ಬರ್ತಾರೆ. ಮೊದಲು ಹಡಗಿನ ಟೇಪ್ ಹಾಕ್ತೀನಿ. ಆಮೇಲೆ ಅವರು ಅವಲಕ್ಕಿ ತಿಂದು ಚಹಾ ಕುಡಿಯುವ ಹೊತ್ತಿಗೆ ಪುಲಿ ಬದಲಿಸಬೇಕು, 20 ನಿಮಿಷದ ಕೆಲಸ. ಹಿಂದಿನ ಮುಚ್ಚಳದ ಸ್ಕ್ರೂ ಹಾಕದೆ ಹಾಗೇ ಬಿಟ್ಟಿದ್ದೇನೆ.