ಬೋಟಿನ ಲೈಸೆನ್ಸ್ ಕೇಳುವವರಿಗೆ: ಮೊದಲು ನೀರು ಯಾರದೆಂದು ಹೇಳಿ

ಗೋವಾಕ್ಕೆ ಹೋಗಿ ಪವರ್‌ಬೋಟ್ ತರಬೇತಿ ಪಡೆದು ಬಂದವನು ಕಲಬುರಗಿಯಂಥ ಬಿಸಿಲೂರಿನಲ್ಲಿದ್ದರೆ ಅವನಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಸೂಪರ್ ಮಾರ್ಕೆಟ್ಟಿನ ಚಹಾ ಅಂಗಡಿಯಲ್ಲಿ ಕೇಳುತ್ತಾರೆ, ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳುಗಳಲ್ಲಂತೂ ಫೋನು ಮಾಡಿಯೇ ಕೇಳುತ್ತಾರೆ. "ಸರ್, ಸ್ವಂತಕ್ಕೊಂದು ಮೋಟಾರು ಬೋಟು ತೆಗೆದುಕೊಳ್ಳಬೇಕೆಂದಿದ್ದೇನೆ. ಓಡಿಸಲು ಲೈಸೆನ್ಸ್ ಎಲ್ಲಿ ಮಾಡಿಸಬೇಕು? ಆರ್‌ಟಿಒ ಕಚೇರಿಯಲ್ಲೇ ಆಗುತ್ತದೆಯೇ?"

ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೂ ನೀರಿಗೂ ಸಂಬಂಧವಿಲ್ಲ. ಉತ್ತರ ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆ ಒಂದು ಪ್ರಶ್ನೆಯ ಹೊಟ್ಟೆಯೊಳಗೆ ಮೂರು ಪ್ರಶ್ನೆಗಳಿವೆ: ನೀರು ಯಾರದು, ಬೋಟಿಗೆ ಏನು ಕಾಗದ, ಓಡಿಸುವವನಿಗೆ ಏನು ಕಾಗದ. ಕೇಳುವವರೆಲ್ಲ ಮೂರನೆಯದರಿಂದ ಶುರು ಮಾಡುತ್ತಾರೆ. ನಮ್ಮ ಭಾಗದಲ್ಲಿ ಆಸೆಗೆ ಅಡ್ಡ ನಿಲ್ಲುವುದು ಮೊದಲನೆಯದು.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯನ್ನು ತೆರೆದು ನೋಡಿದರೆ ಹೆಮ್ಮೆಪಡಬೇಕು: ಭೀಮಾ ಇದೆ, ಮಾಂಜ್ರಾ ಇದೆ, ಕೃಷ್ಣೆಯಂತೂ ಇದ್ದೇ ಇದೆ. ಏಪ್ರಿಲ್ ಕೊನೆಗೆ ಅದೇ ಭೀಮಾ ದಂಡೆಗೆ ಹೋಗಿ ನಿಂತರೆ ಜಲಮಾರ್ಗದ ನಡುವೆ ಎಮ್ಮೆಗಳು ಮೊಳಕಾಲುದ್ದದ ನೀರಿನಲ್ಲಿ ನಿಂತಿರುತ್ತವೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ದೋಣಿ ತೇಲುವುದಿಲ್ಲ. ಆದ್ದರಿಂದ ಇಲ್ಲಿ ಮೋಟಾರು ಬೋಟು ಎಂದರೆ ಬಹುಮಟ್ಟಿಗೆ ಜಲಾಶಯದ ಮಾತು, ಮತ್ತು ಪ್ರತಿ ಜಲಾಶಯಕ್ಕೂ ಒಬ್ಬ ಯಜಮಾನನಿದ್ದಾನೆ. ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಬೀದರ್ ಜಿಲ್ಲೆಯ ಕಾರಂಜಾ, ನಮ್ಮ ಬೆಣ್ಣೆತೊರಾ ಕರ್ನಾಟಕ ನೀರಾವರಿ ನಿಗಮದವು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯವಿರುವುದು ಕಾಡಿನ ನಡುವೆ. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹುಟ್ಟು ಕೂಡ ಅದ್ದುವಂತಿಲ್ಲ. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಪಕ್ಷಿಧಾಮ. ಅಲ್ಲಿ ಎಂಜಿನ್ ಸದ್ದು ಮಾಡುವ ಯೋಚನೆ ಬಂದವರು ಒಮ್ಮೆ ಚಳಿಗಾಲದ ಬೆಳಗ್ಗೆ ದಡದಲ್ಲಿ ಕೂತು ಬನ್ನಿ, ಯೋಚನೆ ತಾನಾಗಿ ಹೋಗುತ್ತದೆ. ಕಲಬುರಗಿ ಊರೊಳಗಿನ ಅಪ್ಪನ ಕೆರೆಯ ಬಗ್ಗೆ ಕೇಳುವವರಿಗೆ ನನ್ನದು ಒಂದೇ ಮಾತು: ಅಷ್ಟು ನೀರಿಗೆ ಪೆಡಲ್ ಬೋಟು ಸಾಕು.

ಹಾಗಾಗಿ ಮೊದಲ ಅರ್ಜಿ ಲೈಸೆನ್ಸಿಗಲ್ಲ, ನೀರಿಗೆ. ಯಾವ ಜಲಾಶಯ, ಯಾವ ದಡದಿಂದ ಬೋಟು ಇಳಿಸುತ್ತೀರಿ, ಬೋಟಿನ ಉದ್ದ, ಎಂಜಿನ್ನಿನ ಅಶ್ವಶಕ್ತಿ, ಸ್ವಂತ ವಿಹಾರಕ್ಕೋ ಜನರನ್ನು ಕೂರಿಸಿ ದುಡ್ಡು ಪಡೆಯುವುದಕ್ಕೋ ಎಂಬುದನ್ನೆಲ್ಲ ಬರೆದು ನಿಗಮದ ಕಾರ್ಯಪಾಲಕ ಎಂಜಿನಿಯರರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ "ಹೂಂ, ಓಡಿಸಿಕೊಳ್ಳಿ" ಎಂಬುದನ್ನು ನಂಬಿ ಲಕ್ಷಗಟ್ಟಲೆ ಸುರಿದವರನ್ನು ಬಲ್ಲೆ. ಹಾಗೆ ಹೇಳಿದವರಿಗೆ ವರ್ಗಾವಣೆಯಾದ ಮರುದಿನ ಬೋಟು ದಡ ಹತ್ತಿತು.

ಎರಡನೆಯದು ಬೋಟಿನ ಕಾಗದ. ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಬಂತು. ಅದಕ್ಕೂ ಮೊದಲು ನಡೆಯುತ್ತಿದ್ದುದು 1917ರ ಕಾಯ್ದೆ, ಉಗಿ ಹಡಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬ್ರಿಟಿಷರು ಮಾಡಿದ್ದು. ಹೊಸ ಕಾಯ್ದೆಯ ಪ್ರಕಾರ ಯಂತ್ರದಿಂದ ನಡೆಯುವ ಒಳನಾಡು ದೋಣಿಗೆ ಸರ್ವೆ ಆಗಬೇಕು, ನೋಂದಣಿ ಆಗಬೇಕು, ವಿಮೆ ಇರಬೇಕು. ಸರ್ವೆ ಎಂದರೆ ಜಮೀನಿನ ಸರ್ವೆಯಲ್ಲ. ಬೋಟಿನ ಒಡಲು, ಎಂಜಿನ್, ಜೀವರಕ್ಷಕ ಸಾಮಗ್ರಿ, ಬೆಂಕಿ ಆರಿಸುವ ಸಲಕರಣೆಗಳನ್ನು ಪರೀಕ್ಷಿಸಿ ಇದು ನೀರಿಗೆ ಯೋಗ್ಯ ಎಂದು ಬರೆದುಕೊಡುವುದು. ಒಂದು ರಾಜ್ಯದಲ್ಲಿ ಆದ ನೋಂದಣಿ ಈಗ ದೇಶದ ಉಳಿದೆಡೆಯೂ ನಡೆಯುತ್ತದೆ ಎಂಬುದು ಹೊಸ ಕಾಯ್ದೆಯ ದೊಡ್ಡ ಅನುಕೂಲ. ಕರ್ನಾಟಕದಲ್ಲಿ ಈ ಕೆಲಸ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಡೆಗೆ ಬರುತ್ತದೆ. ಅದರ ಮುಖ್ಯ ಕಚೇರಿ ಎಲ್ಲಿದೆ ಬಲ್ಲಿರಾ? ಕಾರವಾರದಲ್ಲಿ. ರಾಜ್ಯದ ಈಶಾನ್ಯ ಮೂಲೆಯವರ ಅರ್ಜಿ ಪಶ್ಚಿಮದ ಕಡಲಂಚಿಗೆ ಹೋಗಿ ಬರಬೇಕು. ಇದಕ್ಕೆ ತಾಳ್ಮೆ ಬೇಕು, ಬಯ್ಯುತ್ತ ಕೂತರೆ ಕೆಲಸವಾಗುವುದಿಲ್ಲ.

ಇನ್ನು ಎಲ್ಲರೂ ಕೇಳುವ ಮೂರನೆಯದು. ಇಲ್ಲಿ ಗೊಂದಲ ಹುಟ್ಟಿಸುವವರು ವಿದೇಶದಲ್ಲಿರುವ ನಮ್ಮವರೇ. ಕೆನಡಾದಲ್ಲಿರುವ ಸೋದರಳಿಯ ಮೊಬೈಲಿನಲ್ಲಿ ಒಂದು ಕಾರ್ಡು ತೋರಿಸುತ್ತಾನೆ: "ಮಾಮಾ, ಮನೆಯಲ್ಲೇ ಕೂತು ಪರೀಕ್ಷೆ ಬರೆದೆ, ಜೀವಮಾನಕ್ಕೆಲ್ಲ ಸಾಕು." ಅವನು ಹೇಳುವುದು ನಿಜ. ಅಲ್ಲಿ ಮೋಟಾರು ಇರುವ ವಿಹಾರ ದೋಣಿ ಓಡಿಸುವ ಎಲ್ಲರಿಗೂ 2009ರಿಂದ ಆಪರೇಟರ್ ಕಾರ್ಡು ಕಡ್ಡಾಯ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ನ್ಯೂಯಾರ್ಕಿನಲ್ಲಿ 2025ರ ಜನವರಿಯಿಂದ ವಯಸ್ಸಿನ ಭೇದವಿಲ್ಲದೆ ಎಲ್ಲ ಚಾಲಕರಿಗೂ ಸುರಕ್ಷತಾ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಹಾಗೆ ಶ್ರೀಸಾಮಾನ್ಯ ತನ್ನ ಮೋಜಿಗಾಗಿ ಪಡೆದು ಜೇಬಿನಲ್ಲಿಟ್ಟುಕೊಳ್ಳುವ ದೇಶವ್ಯಾಪಿ ಬೋಟಿಂಗ್ ಕಾರ್ಡು ಇಲ್ಲ. 2021ರ ಕಾಯ್ದೆ ಮಾತನಾಡುವುದು ದೋಣಿಯ ಸಿಬ್ಬಂದಿಯ ಸಾಮರ್ಥ್ಯ ಪ್ರಮಾಣಪತ್ರದ ಬಗ್ಗೆ. ಅಂದರೆ ನೀರಿನ ಮೇಲೆ ದುಡಿದ ಅನುಭವ ತೋರಿಸಿ, ಪರೀಕ್ಷೆ ಎದುರಿಸಿ ಪಡೆಯುವ ಮಾಸ್ಟರ್ (ದೋಣಿ ನಡೆಸುವ ಮುಖ್ಯಸ್ಥ) ಮತ್ತು ಎಂಜಿನ್ ವಿಭಾಗದ ದರ್ಜೆಗಳು. ನೀವು ನಾಲ್ಕು ಜನರನ್ನು ಕೂರಿಸಿ ತಲೆಗಿಷ್ಟು ಎಂದು ವಸೂಲಿ ಮಾಡುವವರಾದರೆ ನಿಮ್ಮ ದಾರಿ ಅದೇ. ನೀವೇ ಆ ಪ್ರಮಾಣಪತ್ರ ಪಡೆಯಬೇಕು, ಇಲ್ಲವೇ ಪಡೆದವನನ್ನು ಸಂಬಳಕ್ಕಿಟ್ಟುಕೊಳ್ಳಬೇಕು. ಸ್ವಂತ ವಿಹಾರಕ್ಕಾದರೆ, ನಿಮ್ಮ ಬೋಟಿನ ಅಳತೆ ಮತ್ತು ಎಂಜಿನ್ ವಿವರ ಕೊಟ್ಟು ಚಾಲಕನಿಗೆ ಯಾವ ಪ್ರಮಾಣಪತ್ರ ಒಪ್ಪಿಗೆಯಾಗುತ್ತದೆ ಎಂದು ಇಲಾಖೆಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಆ ಪತ್ರವೇ ನಾಳೆ ನಿಮ್ಮನ್ನು ಕಾಯುವುದು.

ಆದರೆ ಕಾನೂನು ಕೇಳಲಿ ಬಿಡಲಿ, ತರಬೇತಿಯಿಲ್ಲದೆ ಎಂಜಿನ್ ಮುಟ್ಟಬೇಡಿ. ಈ ಒಂದು ವಿಷಯದಲ್ಲಿ ನಾನು ಹಟವಾದಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಗೋವಾದಲ್ಲಿದೆ. ಅಲ್ಲಿ ಪವರ್‌ಬೋಟ್ ನಿರ್ವಹಣೆ, ನೀರಿನಲ್ಲಿ ಜೀವರಕ್ಷಣೆ ಎಲ್ಲವನ್ನೂ ಕಲಿಸುತ್ತಾರೆ. ಪ್ರವಾಸೋದ್ಯಮದಲ್ಲಿ ಕೆಲಸ ಹುಡುಕುವ ಹುಡುಗರಿಗೆ ಆ ಪ್ರಮಾಣಪತ್ರಕ್ಕೆ ಬೆಲೆಯಿದೆ. ನಮ್ಮ ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಜಲಸಾಹಸದ ಶಿಬಿರಗಳನ್ನು ನಡೆಸುತ್ತದೆ. ಕೈಯಲ್ಲಿ ಹಣ ಹೆಚ್ಚಿರುವವರು ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಪವರ್‌ಬೋಟ್ ಲೆವೆಲ್ 2 ಎಂಬ ಎರಡು ದಿನಗಳ ಕೋರ್ಸ್ ಮಾಡುತ್ತಾರೆ. ಹೊರದೇಶದಲ್ಲಿ ಬೋಟು ಬಾಡಿಗೆಗೆ ಪಡೆಯುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಆ ಕಾಗದವನ್ನು ಇಲ್ಲಿ ಲೈಸೆನ್ಸ್ ಎಂದು ತೋರಿಸಲು ಹೋಗಬೇಡಿ.

ತರಬೇತಿಯಲ್ಲಿ ಏನಿದೆ ಅಂಥದ್ದು, ಟ್ರ್ಯಾಕ್ಟರ್ ಓಡಿಸುವವನಿಗೆ ಬೋಟೇನು ದೊಡ್ಡದು ಎನ್ನುವವರು ಬಹಳ. ಅಂಥವರಿಗೆ ಒಂದು ಕೆಂಪು ಹಗ್ಗದ ಕಥೆ ಹೇಳುತ್ತೇನೆ. ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಿನ ಜೊತೆಗೆ ಸುರುಳಿ ಸುತ್ತಿದ ಕೆಂಪು ಹಗ್ಗವೊಂದು ಬರುತ್ತದೆ. ಕಿಲ್ ಕಾರ್ಡ್ ಎನ್ನುತ್ತಾರೆ. ಒಂದು ತುದಿಯ ಕ್ಲಿಪ್ಪು ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವನ ತೊಡೆಗೆ. ಅವನು ಆಯತಪ್ಪಿ ನೀರಿಗೆ ಬಿದ್ದರೆ ಹಗ್ಗ ಕ್ಲಿಪ್ಪನ್ನು ಕಿತ್ತುಕೊಂಡೇ ಹೋಗುತ್ತದೆ, ಎಂಜಿನ್ ಅಲ್ಲಿಗೇ ಬಂದ್. ಹಗ್ಗ ಕಟ್ಟಿಕೊಳ್ಳದಿದ್ದರೆ? ಹಿಡಿ ಬಿಟ್ಟ ಎಂಜಿನ್ ಒಂದು ಪಕ್ಕಕ್ಕೆ ಹೊರಳುತ್ತದೆ, ಬೋಟು ವೇಗದಲ್ಲಿ ವೃತ್ತ ಹಾಕುತ್ತ ಬಿದ್ದವನ ಮೇಲೆಯೇ ಬರುತ್ತದೆ, ಕೆಳಗೆ ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ಅಂಗೈಯಗಲದ ಆ ಬ್ಲೇಡುಗಳ ಮುಂದೆ ಈಜು ಬಂದರೂ ಉಪಯೋಗವಿಲ್ಲ. ಆದರೂ ನಮ್ಮ ಕಡೆ ನಾನು ನೋಡಿದ ಬೋಟುಗಳಲ್ಲಿ ಈ ಹಗ್ಗ ಎಂಜಿನ್ನಿಗೇ ಗಂಟು ಹಾಕಿಕೊಂಡು ತೂಗುತ್ತಿರುತ್ತದೆ. ಕಾಲಿಗೆ ಕಟ್ಟಿಕೊಳ್ಳಲು ಓಡಿಸುವವನಿಗೆ ನಾಚಿಕೆಯಂತೆ.

ಟಿಲ್ಲರ್, ಅಂದರೆ ಎಂಜಿನ್ನಿಗೇ ಜೋಡಿಸಿದ ಹಿಡಿಯಿಂದ ತಿರುಗಿಸುವ ಬೋಟಿನಲ್ಲಿ ಹಿಡಿಯನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ತಿರುಗುತ್ತದೆ. ಬೈಕು, ಟ್ರ್ಯಾಕ್ಟರಿನಲ್ಲಿ ಪಳಗಿದ ಕೈ ಇದನ್ನು ಒಪ್ಪಲು ಸಮಯ ಹಿಡಿಯುತ್ತದೆ, ಗಾಬರಿಯಾದಾಗ ಹಳೆಯ ಚಾಳಿಗೇ ಮರಳುತ್ತದೆ. ಬ್ರೇಕಂತೂ ಇಲ್ಲವೇ ಇಲ್ಲ. ವೇಗ ತಗ್ಗಿಸಿ, ನ್ಯೂಟ್ರಲ್‌ಗೆ ತಂದು, ಹಿಮ್ಮುಖ ಗೇರಿನಿಂದ ನಿಲ್ಲಿಸಬೇಕು. ಎಂಜಿನ್ ಶುರುವಾದೊಡನೆ ಹಿಂಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿದೆಯೇ ಎಂದು ಬಗ್ಗಿ ನೋಡಬೇಕು. ಧಾರೆ ಇಲ್ಲವೆಂದರೆ ಎಂಜಿನ್ನಿಗೆ ತಂಪು ಮಾಡುವ ನೀರು ಹೋಗುತ್ತಿಲ್ಲ ಎಂದರ್ಥ. ನಮ್ಮ ಜಲಾಶಯಗಳ ಕಪ್ಪು ಎರೆಮಣ್ಣಿನ ರಾಡಿಗೆ ಆ ಕಿಂಡಿ ಕಟ್ಟಿಕೊಳ್ಳಲು ಹೊತ್ತು ಬೇಕಿಲ್ಲ. ಯಾರಾದರೂ ನೀರಿಗೆ ಬಿದ್ದರೆ, ಅವರು ಬಿದ್ದ ಪಕ್ಕಕ್ಕೇ ಬೋಟನ್ನು ತಿರುಗಿಸಬೇಕು, ಆಗ ಹಿಂಬದಿ ಮತ್ತು ಪ್ರೊಪೆಲ್ಲರ್ ಅವರಿಂದ ದೂರ ಸರಿಯುತ್ತವೆ. ಹತ್ತಿರ ಬಂದ ಮೇಲೆ ಎಂಜಿನ್ ಬಂದ್ ಮಾಡಿಯೇ ಕೈ ಕೊಡಬೇಕು. ಎದುರಿನಿಂದ ಬೋಟು ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು. ರಸ್ತೆಯಲ್ಲಿ ಎಡಕ್ಕೆ ಹೋಗುವ ನಮಗೆ ಇದೂ ಉಲ್ಟಾ. ಅಡ್ಡ ಹಾಯುವಾಗ ನಿಮ್ಮ ಬಲಗಡೆಯಿಂದ ಬರುವ ಮೋಟಾರು ಬೋಟಿಗೆ ದಾರಿ ಬಿಡಬೇಕಾದವರು ನೀವು.

ಕಡಲಿನವರು ಕಲಿಸದ ಒಂದಿಷ್ಟು ಪಾಠಗಳು ಇಲ್ಲಿನ ನೀರಿನಲ್ಲಿವೆ. ಕಾರಂಜಾ ತುಂಬಿದರೆ 7.69 ಟಿಎಂಸಿ ಅಡಿ ನೀರು. ಬೇಸಿಗೆಗೆ ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ್ದ ಮರದ ಬೊಡ್ಡೆಗಳು, ಹಳೆಯ ಹೊಲದ ಒಡ್ಡುಗಳು ಮೇಲ್ಮೈಗೆ ಗೇಣುದ್ದ ಕೆಳಗೆ ಬಂದು ಕೂತಿರುತ್ತವೆ. ಮೀನುಗಾರರು ಸಂಜೆ ಬಿಟ್ಟ ಬಲೆ ಬೆಳಗ್ಗೆವರೆಗೂ ಇರುತ್ತದೆ. ಪ್ರೊಪೆಲ್ಲರಿಗೆ ಅದು ಸುತ್ತಿಕೊಂಡರೆ ನಿಮ್ಮ ವಿಹಾರವೂ ಹಾಳು, ಅವರ ದಿನದ ಕೂಳೂ ಹಾಳು. ಭೀಮಾ ಏರಲು ಇಲ್ಲಿ ಮಳೆಯೇ ಬರಬೇಕೆಂದಿಲ್ಲ. ಮಹಾರಾಷ್ಟ್ರದ ಉಜನಿಯಿಂದ, ವೀರ್ ಜಲಾಶಯದಿಂದ ನೀರು ಬಿಟ್ಟರೆ ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ನದಿ ದಡ ಮೀರುತ್ತದೆ. ಬಸವಸಾಗರದ ಗೇಟು ತೆರೆದ ದಿನಗಳಲ್ಲಿ ಅದರ ಕೆಳಗಿನ ಕೃಷ್ಣೆಯಲ್ಲಿ ಎಂಜಿನ್ ಎಷ್ಟೇ ದೊಡ್ಡದಿರಲಿ, ಇಳಿಯಬಾರದು. ಅದೇ ಹೊಳೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡೆಯ ಜನ ಸೋರೆಕಾಯಿ ಬುರುಡೆ ಕಟ್ಟಿಕೊಂಡು ಈಜಿ ದಾಟಿದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಅವರಿಗೆ ಗತಿಯಿಲ್ಲದ ಕೆಲಸ. ಭಾನುವಾರದ ಮೋಜಿಗೆ ಬೋಟು ಇಳಿಸುವವರಿಗೆ ಆ ತುರ್ತು ಇಲ್ಲ.

ಲೈಫ್ ಜಾಕೆಟ್ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಆದರೂ ಬರೆಯುತ್ತೇನೆ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ಬೋಟು ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅದು ಕಡಲಲ್ಲ, ನಗರದ ಕೆರೆ. ಬೋಟಿನ ತಳದಲ್ಲಿ ಮೂಟೆ ಕಟ್ಟಿಟ್ಟ ಜಾಕೆಟ್ ಇದ್ದರೂ ಇಲ್ಲದಂತೆಯೇ. ಹಾಕಿಕೊಂಡ ಮೇಲೆ ಹೆಗಲಿನ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ. ಜಾಕೆಟ್ ಕಿವಿಯವರೆಗೆ ಏರಿ ಬಂದರೆ ಅಳತೆ ದೊಡ್ಡದು, ನೀರಿನಲ್ಲಿ ನೀವು ಕೆಳಗೆ, ಅದು ಮೇಲೆ.

ಕೊನೆಗೆ, ಹಳೆಯ ಬೋಟು ಅಗ್ಗಕ್ಕೆ ಸಿಗುತ್ತದೆ, ತೆಗೆದುಕೊಳ್ಳಲೇ ಎಂದು ಕೇಳುವವರಿಗೆ. ಕಡಲ ಕಡೆಯಿಂದ ಬರುವ ಬೋಟಾದರೆ ನೋಂದಣಿ ಪತ್ರ, ಸರ್ವೆ ಪ್ರಮಾಣಪತ್ರ ಎರಡೂ ಮೂಲಪ್ರತಿ ಕೇಳಿ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ ಕಾಗದದ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಫೈಬರ್ ಒಡಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ; ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಮೊದ್ದು ಸದ್ದು ಬಂದರೆ ಒಳಗೆ ನೀರು ಕುಡಿದಿರಬಹುದು. ಎಂಜಿನ್ನನ್ನು ನೀರಿನ ಪೀಪಾಯಿಯಲ್ಲಿಟ್ಟು ನಿಮ್ಮೆದುರೇ ಶುರು ಮಾಡಿಸಿ, ಆ ಸಣ್ಣ ಧಾರೆ ಚಿಮ್ಮುವವರೆಗೆ ಕಾಯಿರಿ. ಚಿಮ್ಮದಿದ್ದರೆ ಚಹಾ ಕುಡಿದು ಎದ್ದು ಬನ್ನಿ. ಎಲ್ಲ ಸರಿಯಿದ್ದರೂ ಮುಂಗಡ ಕೊಡುವ ಮುನ್ನ ನಿಗಮಕ್ಕೆ ಬರೆದ ಅರ್ಜಿಗೆ ಉತ್ತರ ಬಂದಿದೆಯೇ ಎಂದು ನಾನು ಕೇಳುತ್ತೇನೆ. ಬಂದಿಲ್ಲವೆಂದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ, ನೀವು ಅಷ್ಟರಲ್ಲಿ ಗೋವಾಕ್ಕೆ ಹೋಗಿ ಓಡಿಸುವುದನ್ನು ಕಲಿತು ಬನ್ನಿ.