ಐರಿಸ್ ನೀಲಿಯ ಕಾರು ಕೆಂಪಾದ ಬಗೆ

ಇಂಗ್ಲೆಂಡಿನಲ್ಲಿ ಕಳೆದ ಹದಿನೆಂಟು ದಿನಗಳಲ್ಲಿ ನಾಲ್ಕು ಲಂಡನ್ನಿಗೆ ಹೋದವು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು, ರೆಡಿಂಗಿನಲ್ಲಿ ನೆಲೆಸಿರುವ ಭಾವನವರ 1965ರ ಎಂಜಿಬಿ ಎಂಬ, ಎಂಜಿ ಕಂಪನಿಯ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕುಳಿತು, ಆ ಕಾರಿನದೇ ಪೂರ್ವವೃತ್ತಾಂತವನ್ನು ಹುಡುಕುತ್ತ ಹೋದ ಎರಡು ದಿನಗಳು. ನಮ್ಮ ಹಿರಿಯರು ಹೆಣ್ಣು ತರುವ ಮುಂಚೆ ಮೂರು ತಲೆಮಾರು ವಿಚಾರಿಸುತ್ತಿದ್ದರು, ಇವರು ಮನೆ ತುಂಬಿಸಿಕೊಂಡ ಮೇಲೆ ವಿಚಾರಿಸಲು ಹೊರಟಿದ್ದಾರೆ ಎಂದು ಅಕ್ಕ ಬಾಗಿಲಲ್ಲೇ ನಕ್ಕಳು.

ಮೊದಲು ಹೋದದ್ದು ಥೇಮ್ಸ್ ದಂಡೆಯ ಅಬಿಂಗ್ಡನ್ನಿಗೆ. 1929ರಿಂದ 1980ರಲ್ಲಿ ಬಾಗಿಲು ಮುಚ್ಚುವವರೆಗೆ ಎಂಜಿ ಕಾರ್ಖಾನೆ ಇದ್ದದ್ದು ಇಲ್ಲಿ. ಈಗ ಆ ಜಾಗದಲ್ಲಿ ಬೇರೆ ಕಟ್ಟಡಗಳಿವೆ. ಪಕ್ಕದಲ್ಲಿ ಎಂಜಿ ಕಾರ್ ಕ್ಲಬ್ಬಿನ ಕಚೇರಿಯಿದ್ದು, ಎಂಜಿ ಸಂಸ್ಥೆಯನ್ನು ಕಟ್ಟಿದ ಸೆಸಿಲ್ ಕಿಂಬರ್ ಅವರ ನೆನಪಿಗೆ ಅದಕ್ಕೆ ಕಿಂಬರ್ ಹೌಸ್ ಎಂದು ಹೆಸರಿಟ್ಟಿದ್ದಾರೆ. 1945ರಲ್ಲಿ ಬಂದ ಎಂಜಿ ಟಿಸಿ ಮಾದರಿಯ ಚಾಸಿ ಸಂಖ್ಯೆ, ಅಂದರೆ ಪ್ರತಿ ಕಾರಿಗೂ ಕೊಡುವ ಗುರುತಿನ ಸಂಖ್ಯೆ, ಒಂದರಿಂದಲ್ಲ, 0251ರಿಂದ ಆರಂಭವಾಗುತ್ತದೆ. ಕಾರ್ಖಾನೆಯ ದೂರವಾಣಿ ಸಂಖ್ಯೆ ಅಬಿಂಗ್ಡನ್ 251 ಆಗಿದ್ದದ್ದೇ ಅದಕ್ಕೆ ಕಾರಣವಂತೆ. ಸಂಖ್ಯೆಗಳಲ್ಲೂ ಇಷ್ಟು ತಮಾಷೆಯಿದ್ದ ಊರು ಈಗ ಸಪ್ಪೆಯಾಗಿ ಕಂಡಿತು.

ಸಂಜೆಯ ಹೊತ್ತಿಗೆ ವಾರಿಕ್‌ಶೈರಿನ ಗೇಡನ್ ತಲುಪಿದೆವು. ಅಲ್ಲಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಲ್ಲಿ ಕಿಂಬರ್ ಅವರು 1925ರ ಸ್ಪರ್ಧೆಗೆಂದು ಕಟ್ಟಿಸಿದ 'ಓಲ್ಡ್ ನಂಬರ್ ಒನ್' ಇದೆ. ಹೆಸರಿನಲ್ಲಿ 'ನಂಬರ್ ಒನ್' ಇದ್ದರೂ ಅದು ಮೊದಲನೆಯ ಎಂಜಿ ಅಲ್ಲ. ಕನ್ನಡಿಯಂತೆ ಹೊಳೆಯುವ, ರಸ್ತೆಯನ್ನೇ ಮರೆತಂತಿರುವ ಕಾರುಗಳ ಸಾಲು ನನಗೆ ಬೇಗ ಬೇಸರ ತಂದಿತು. ಬೆರಗು ಹುಟ್ಟಿಸಿದ್ದು ಅಲ್ಲಿನ ಪತ್ರಾಗಾರದ ವಿಚಾರ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅಷ್ಟರ ನಡುವೆ ಒಂದು ಸಾಮಾನ್ಯ ಕಾರು ಯಾವ ದಿನ ಸಿದ್ಧವಾಯಿತು, ಎಂಜಿನ್ ಸಂಖ್ಯೆ ಯಾವುದು, ಬಣ್ಣ ಯಾವುದು, ಯಾವ ಊರಿನ ಮಾರಾಟಗಾರರಿಗೆ ಹೋಯಿತು ಎಂಬುದನ್ನು ಕಾರ್ಖಾನೆಯ ದಾಖಲೆಯಿಂದ ತೆಗೆದು ಪ್ರಮಾಣಪತ್ರವಾಗಿ ಕೊಡುತ್ತಾರೆ. ಅಪ್ಪ ಹದಿನಾಲ್ಕು ವರ್ಷ ಓಡಿಸಿದ ಫಿಯಟ್ಟನ್ನು ಯಾರಿಗೆ ಮಾರಿದೆವೆಂಬುದೇ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು ಚಾಸಿ ಸಂಖ್ಯೆಯನ್ನು ಬಾನೆಟ್ಟಿನ ಕೆಳಗಿರುವ ತಗಡಿನಿಂದಲೇ, ಹಗಲು ಬೆಳಕಿನಲ್ಲಿ, ಬಟ್ಟೆಯಿಂದ ಒರೆಸಿ ಓದಿಕೊಳ್ಳಬೇಕು. ಭಾವ ಎಣ್ಣೆ ಹತ್ತಿದ ಹಳೆಯ ರಸೀದಿಯೊಂದರಿಂದ ಅದನ್ನು ನಕಲು ಮಾಡಿ 8 ಇದ್ದಲ್ಲಿ 3 ಬರೆದಿದ್ದರು. ಆ ಸಂಖ್ಯೆ ಉತ್ತರ ಅಮೆರಿಕಕ್ಕೆ ಹೋದ, ಎಡಗಡೆ ಸ್ಟಿಯರಿಂಗಿನ ಬೇರೊಂದು ಕಾರಿನದು ಎಂದು ಉತ್ತರ ಬಂತು. ಅವರು ಮತ್ತೆ ಹಣ ಕಟ್ಟಿದರು. ಆ ವಿಷಯ ತೆಗೆದರೆ ಈಗಲೂ ಮುಖ ಗಂಟಿಕ್ಕುತ್ತಾರೆ. ಎರಡನೆಯ ಸಲ ಬಂದ ಪತ್ರದಲ್ಲಿ ಇದ್ದದ್ದು ಇಷ್ಟು: ಆಕ್ಸ್‌ಫರ್ಡಿನ ಮಾರಾಟಗಾರರು, ಬಣ್ಣ ಐರಿಸ್ ನೀಲಿ. ನಾವು ಕುಳಿತಿದ್ದ ಕಾರಾದರೋ ಕುಂಕುಮದಷ್ಟು ಕೆಂಪು.

ಕಾರ್ಖಾನೆಯ ದಾಖಲೆ ಗೇಟಿನವರೆಗೆ ಮಾತ್ರ. ಮುಂದಿನದಕ್ಕೆ ಮಾಲೀಕರ ಜಾಡು ಹಿಡಿಯಬೇಕು. ನೋಂದಣಿಯ ಕೆಲಸ 1970ರ ದಶಕದಲ್ಲಿ ವೇಲ್ಸಿನ ಸ್ವಾನ್ಸಿಯ ಕೇಂದ್ರಕ್ಕೆ ಹೋಗುವ ಮುನ್ನ ಆಯಾ ಸ್ಥಳೀಯ ಆಡಳಿತವೇ ಲೆಡ್ಜರು ಇಡುತ್ತಿತ್ತು. ಅವುಗಳಲ್ಲಿ ಎಷ್ಟೋ ನಾಶವಾಗಿ, ಉಳಿದ ಕೆಲವು ಕೌಂಟಿ ಪತ್ರಾಗಾರಗಳನ್ನು ಸೇರಿವೆ. ಕೈಯಲ್ಲಿ ಹಿಡಿಯುವ ಹಳೆಯ ಲಾಗ್ ಬುಕ್, ಅಂದರೆ ನೋಂದಣಿ ಪುಸ್ತಕ, ಸಿಕ್ಕರೆ ಅದರಲ್ಲಿ ಮಾಲೀಕರ ಹೆಸರು, ವಿಳಾಸ, ಮೊಹರು ಸಾಲಾಗಿ ಇರುತ್ತವೆ. ಭಾವನಿಗೆ ಅದು ಸಿಗಲಿಲ್ಲ. ಸೀಟಿನ ಅಡಿಯಲ್ಲಿ ಸಿಕ್ಕ ಸರ್ವಿಸ್ ಪುಸ್ತಕದಲ್ಲಿ ಹಿಂದಿನ ಮಾಲೀಕರೊಬ್ಬರ ವಿಳಾಸವಿತ್ತು. ಹಾಗೆಂದು ನೇರವಾಗಿ ಹೋಗಿ ಬಾಗಿಲು ತಟ್ಟುವುದು ಅಲ್ಲಿ ಮರ್ಯಾದೆಯಲ್ಲ. ಆ ವಿಳಾಸಕ್ಕೆ ಕೈಬರಹದ ಪತ್ರ ಬರೆದರು, ಈಗ ಅಲ್ಲಿರುವವರು ಅದನ್ನು ಮುಂದೆ ಕಳಿಸಿದರು, ಐದು ವಾರದ ಮೇಲೆ ಬರ್ಫರ್ಡ್ ಬಳಿಯ ಹಳ್ಳಿಯೊಂದರಿಂದ "ಬನ್ನಿ, ಕಾರನ್ನೂ ತನ್ನಿ" ಎಂದು ಉತ್ತರ ಬಂತು.

ಎಂಬತ್ತು ದಾಟಿದ ಆ ಹಿರಿಯರು ಗೇಟಿನ ಬಳಿ ಕಾಯುತ್ತಿದ್ದರು. ಕಾರನ್ನು ಒಂದು ಸುತ್ತು ಬಂದು, ಒಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿದ್ದ ರಬ್ಬರ್ ಬಿರಡೆಯ ಮೇಲೆ ಬೆರಳಿಟ್ಟರು.

"ಈ ತೂತು ನಾನು ಕೊರೆದದ್ದು. ರಾತ್ರಿ ನಕ್ಷೆ ನೋಡಲು ಒಂದು ದೀಪ ಹಾಕಿಸಿದ್ದೆ."

ಎರಡು ವರ್ಷದಿಂದ ಆ ತೂತು ಕೊರೆದವನಿಗೆ ಹಿಡಿಶಾಪ ಹಾಕುತ್ತಿದ್ದ ಭಾವ, "ಅಚ್ಚುಕಟ್ಟಾಗಿ ಕೊರೆದಿದ್ದೀರಿ" ಎಂದರು. ನಾನು ತೋಟದ ಕಡೆ ಮುಖ ತಿರುಗಿಸಿದೆ.

ಚಹಾ ಕುಡಿಯುತ್ತ ಭಾವ ಪ್ರಮಾಣಪತ್ರ ತೋರಿಸಿದರು. ನೀಲಿ ಎಂದು ಓದಿ ಹಿರಿಯರು ತಲೆ ಅಲ್ಲಾಡಿಸಿದರು. 1968ರಲ್ಲಿ ಅವರು ಕೊಂಡಾಗಲೇ ಕಾರು ಕೆಂಪಾಗಿತ್ತು. ಮಾರಿದಾತ ಒಬ್ಬ ಯುವ ದಂತವೈದ್ಯ; ಹಿಮ ಬಿದ್ದ ರಸ್ತೆಯಲ್ಲಿ ಜಾರಿ ಮರಕ್ಕೆ ಗುದ್ದಿದ್ದ, ಎಡಗಡೆಯ ಮಡ್‌ಗಾರ್ಡ್ ಬದಲಾಯಿಸುವಾಗ ಹೇಗೂ ಬಣ್ಣ ಹೊಡೆಸಬೇಕಲ್ಲ ಎಂದು ಕೆಂಪು ಮಾಡಿಸಿದ್ದ. ಅಪಘಾತವೆಂಬ ಮಾತು ಕೇಳಿ ಭಾವನ ಮುಖ ಬಾಡಿತು; ಬರುವ ಚಳಿಗಾಲದಲ್ಲಿ ಮೂಲದ ನೀಲಿಗೆ ಮರಳಿಸುವುದೆಂದು ಅವರು ಅದಾಗಲೇ ಪೇಂಟರಿಗೆ ಮುಂಗಡ ಕೊಟ್ಟಿದ್ದರು.

"ಕಾರು ನಿಮ್ಮದು," ಎಂದರು ಹಿರಿಯರು. "ನನ್ನ ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಮಾತ್ರ ಕೆಂಪು ಕಾರಿನಲ್ಲಿ."

ಎರಡನೆಯ ಮಗು ಹುಟ್ಟಿದ 1972ರಲ್ಲಿ, ಹಿಂದೆ ಸೀಟಿಲ್ಲದ ಕಾರನ್ನು ಮಾರಬೇಕಾಯಿತಂತೆ. ಓಡಿಸಿ ನೋಡಿ ಎಂದು ಭಾವ ಕೀಲಿ ಚಾಚಿದರು. ಅವರು ಮಂಡಿಯನ್ನು ತಟ್ಟಿ ತೋರಿಸಿ, ಒಳಗೆ ಹೋಗಿ ಅಂಗೈಯಗಲದ ಪುಸ್ತಕವೊಂದನ್ನು ತಂದರು. ಪೆಟ್ರೋಲ್ ಹಾಕಿಸಿದ ಪ್ರತಿ ಸಲದ ದಿನಾಂಕ, ಗ್ಯಾಲನ್, ಮೈಲಿ ಅದರಲ್ಲಿ ಪುಟ ಪುಟವೂ ತುಂಬಿತ್ತು. ಈಗ ಎಷ್ಟು ಓಡಿದೆ ಎಂದು ಕೇಳಿ, 1972ರ ಕೊನೆಯ ಸಾಲಿನ ಕೆಳಗೆ ಆ ದಿನದ ತಾರೀಕು ಹಾಕಿ ಬರೆದುಕೊಂಡರು. ಐದೇ ಅಂಕಿಯ ಮೀಟರು ಸುತ್ತು ಹೊಡೆದು ಮತ್ತೆ ಸೊನ್ನೆಯಿಂದ ಎಣಿಸುತ್ತಿದ್ದರಿಂದ, ಹೊಸ ಸಂಖ್ಯೆ ಹಳೆಯದಕ್ಕಿಂತ ಚಿಕ್ಕದಾಗಿತ್ತು. ಎರಡನ್ನೂ ನೋಡಿ ಅವರು ನಕ್ಕರು. ಆಮೇಲೆ ಗ್ಯಾಲನ್ನಿಗೆ ಎಷ್ಟು ಮೈಲಿ ಕೊಡುತ್ತಿದೆ ಎಂದು ವಿಚಾರಿಸಿದರು. ಭಾವ ಅದನ್ನು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಹಿರಿಯರಿಗೆ ಅದು ಸರಿಕಾಣಲಿಲ್ಲ.